ಅಪ್‌ಡೇಟ್: ಲಿಬ್ರೆಆಫೀಸ್‌ನಲ್ಲಿ ಹಳೆಯ ಕನ್ನಡ ಕಡತಗಳು ತೆರೆದುಕೊಂಡವು

ಮನೆಯ ಕಂಪ್ಯೂಟರಿಗೆ ವಿಂಡೋಸ್ ಹೊಸದಾಗಿ ಹಾಕಿ, ಮೈಕ್ರೋಸಾಫ್ಟ್ ಆಫೀಸ್ 2010ರ ಬದಲು ಲಿಬ್ರೆಆಫೀಸ್ ಎಂಬ ಉಚಿತ ಆಫೀಸ್ ತಂತ್ರಾಂಶ ಅಳವಡಿಸಿದ ಮೇಲೆ ಅಪ್ಪನ ಹಳೆಯ ಕನ್ನಡ ಕಡತಗಳೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತಿವೆ ಎಂದು ಕೇಳಿದ್ದೆನಲ್ಲ, ಅದು ಬಗೆಹರಿಯಿತು.

ಲಿಬ್ರೆಆಫೀಸ್ ಅಳಿಸಿ ಮತ್ತೆ ಹಾಕಿದ್ದು ಉಪಯೋಗಕ್ಕೆ ಬರಲಿಲ್ಲ. ನೋಟೋ ಸಾನ್ಸ್ ಕನ್ನಡ ಫಾಂಟ್ ಹಾಕಿದರೂ ಅಷ್ಟೇ. ಫಲ ಕೊಟ್ಟದ್ದು, ‘ಕಡತ ಬರೆದಾಗ ಬಳಸಿದ್ದ ಫಾಂಟನ್ನೇ ಹಾಕಿ’ ಎಂದವರ ಮಾತು. ‘ನುಡಿ’ ಎಂಬ ಕನ್ನಡ ಬರವಣಿಗೆ ತಂತ್ರಾಂಶದ ಹಳೆಯ ಫಾಂಟುಗಳನ್ನು ಅಳವಡಿಸಿ ಲಿಬ್ರೆಆಫೀಸ್ ಮುಚ್ಚಿ ತೆರೆದಾಗ ಅಪ್ಪನ ಬರಹ ಪೂರ್ತಿ ಕಾಣಿಸಿತು. ಆ ಸಲಹೆ ಕೊಟ್ಟವರಿಗೆ ಅಪ್ಪನ ಪರವಾಗಿಯೂ ಧನ್ಯವಾದ.

ಕಾರಣ ತಿಳಿದಾಗ ಅಚ್ಚರಿಯಾಯಿತು. ಆ ಕಡತಗಳಲ್ಲಿ ಕನ್ನಡದ ಸಂಕೇತಗಳೇ ಇಲ್ಲ. ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಅವುಗಳಿಗೆ ಕನ್ನಡದ ರೂಪ ಕೊಡುವುದು ಆ ಫಾಂಟ್ ಮಾತ್ರ. ಎಲ್ಲ ಭಾಷೆಗಳ ಅಕ್ಷರಗಳಿಗೂ ಬೇರೆಬೇರೆ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ 1991ರಿಂದಲೇ ಕನ್ನಡಕ್ಕೆ ಸ್ವಂತ ಜಾಗವಿದ್ದರೂ ಹಳೆಯ ಪದ್ಧತಿ ಬಹುಕಾಲ ಉಳಿಯಿತು. ಹೀಗಾಗಿ ಮುಖ್ಯ ಕಡತಗಳನ್ನು ಪರಿವರ್ತಕ ತಂತ್ರಾಂಶದಿಂದ ಯೂನಿಕೋಡಿಗೆ ಬದಲಿಸುತ್ತಿದ್ದೇನೆ. ಮೂಲ ಪ್ರತಿಯನ್ನು ಖಂಡಿತ ಇಟ್ಟುಕೊಳ್ಳಿ. ಅರ್ಕಾವೊತ್ತು ಇರುವ ಪದಗಳನ್ನು ಕಣ್ಣಿಟ್ಟು ನೋಡಿ, ಅಲ್ಲಿ ತಪ್ಪು ನುಸುಳುತ್ತದೆ.

ಇನ್ನೊಂದು ವಿಷಯ: ಲಿಬ್ರೆಆಫೀಸ್ ಯೂನಿಕೋಡ್ ಕನ್ನಡವನ್ನು ‘ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್’ (ಸಿಟಿಎಲ್), ಅಂದರೆ ಅಕ್ಷರಗಳು ಕೂಡಿ ರೂಪ ಬದಲಿಸುವ ಲಿಪಿಗಳ ಗುಂಪಿಗೆ ಸೇರಿಸುತ್ತದೆ. ಫಾಂಟ್ ಅಥವಾ ಅದರ ಗಾತ್ರ ಬದಲಾಗದಿದ್ದರೆ ಟೂಲ್ಸ್ ಮೆನುವಿನ ಆಪ್ಷನ್ಸ್‌ಗೆ ಹೋಗಿ, ರೈಟರ್ ವಿಭಾಗದಲ್ಲಿ ಸಿಟಿಎಲ್ ಎಂದಿರುವ ಫಾಂಟ್ ಪುಟದಲ್ಲಿ ಬದಲಿಸಿ.