ಸಹಾಯ ಬೇಕು: ತಿರುವಲ್ಲಿ ಒಂದೇ ಲೇನ್, ಈ ತುದಿಯಿಂದ ಆ ತುದಿ ಕಾಣಲ್ಲ

ಸಿರ್ಸಿ ಕಡೆ ಘಟ್ಟದ ರಸ್ತೇಲಿ ಮೋರಿ ಕೆಲಸ, ನಾನು ಸೈಟ್ ಸೂಪರ್‌ವೈಸರ್. ಅರ್ಧ ರಸ್ತೆ ಅಗೆದಿದ್ದೀವಿ, ಉಳಿದರ್ಧದಲ್ಲೇ ಎರಡೂ ಕಡೆ ಗಾಡಿ ಬಿಡಬೇಕು. ಐಆರ್‌ಸಿ ಎಸ್‌ಪಿ 55 (ರಸ್ತೆ ಕೆಲಸ ನಡೆಯೋ ಕಡೆ ಗಾಡಿ ಓಡಾಟ ನಿಭಾಯಿಸೋ ಮಾರ್ಗಸೂಚಿ) ನೋಡ್ಕೊಂಡು ಬೋರ್ಡ್, ಕೋನ್, ರಾತ್ರಿಗೆ ಬ್ಲಿಂಕರ್ ಎಲ್ಲ ಇಟ್ಟಾಗಿದೆ.

ತೊಂದರೆ ಏನಂದ್ರೆ, ಬಾವುಟ ಹಿಡಿದ ಇಬ್ಬರು ಹುಡುಗರಿಗೆ ಒಬ್ಬರಿಗೊಬ್ಬರು ಕಾಣಲ್ಲ. ಮೊಬೈಲ್ ಸಿಗ್ನಲ್ ಇಲ್ಲ. ಸೀಟಿ ಊದಿದ್ರೆ ಜೆಸಿಬಿ ಸದ್ದಲ್ಲಿ ಕೇಳಲ್ಲ. ಇದೇ ಕೊನೇದು ಅಂತ ಆ ತುದಿಯವನಿಗೆ ಗೊತ್ತಾಗಲಿ ಅಂತ ಕೊನೇ ಗಾಡಿಯವರ ಕೈಗೆ ಕೆಂಪು ಬಾವುಟ ಕೊಟ್ಟು ಕಳಿಸಿ ನೋಡಿದೆವು, ಅದರ ಹಿಂದೆಯೇ ಬೈಕ್‌ನವರು ನುಗ್ತಾರೆ. ನಿನ್ನೆ ಬಸ್ಸು, ಲಾರಿ ಮುಖಾಮುಖಿ ನಿಂತ್ವು. ಪಕ್ಕದ ಗುಂಡೀಲಿ ನಮ್ಮ ನಾಲ್ಕು ಜನ ಕಂಬಿ ಕಟ್ತಿದ್ರು. ರಾತ್ರಿ ನಿದ್ದೆ ಬರಲಿಲ್ಲ.

ಇಂಥ ಕಡೆ ಕೆಲಸ ಮಾಡಿದವರು ಹೇಳಿ: ಇಬ್ಬರಿಗೂ ಕಾಣೋ ಹಾಗೆ ತಿರುವಲ್ಲಿ ಮೂರನೆಯವನನ್ನ ನಿಲ್ಲಿಸೋದು ಸರಿಯಾ, ಇಲ್ಲ ವಾಕಿಟಾಕಿಯೇ ತರಿಸೋದಾ? ನಿಲ್ಲಿಸೋದಾದ್ರೆ ಅವನಿಗೆ ಗಾಡಿ ತಾಗದ ಹಾಗೆ ಎಲ್ಲಿ ನಿಲ್ಲಿಸಬೇಕು?