40 ಇಂಚಿನ ಫುಲ್ ಎಚ್‌ಡಿ ಟಿವಿ ಬಿಟ್ಟು 4ಕೆಗೆ ಹೋದರೆ ಹಾಕಿದ ದುಡ್ಡಿಗೆ ತಕ್ಕಷ್ಟು ಸಿಗುತ್ತಾ?

ಹೊಸಪರದೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಈಗಿರುವ ಸೆಟಪ್ ಹೀಗಿದೆ: 40 ಇಂಚಿನ ಫುಲ್ ಎಚ್‌ಡಿ ಎಲ್‌ಇಡಿ ಟಿವಿ, ಎಚ್‌ಡಿಎಂಐ 1.4 ಇರುವ 5.1 ಎವಿ ರಿಸೀವರ್ (ಐದು ಸ್ಪೀಕರ್, ಒಂದು ಸಬ್‌ವೂಫರ್ ನಡೆಸುವ ಆಂಪ್ಲಿಫೈಯರ್), ಎಸ್‌ಡಿ (ಎಚ್‌ಡಿಗಿಂತ ಕಡಿಮೆ ಸ್ಪಷ್ಟತೆಯ) ಸೆಟ್ ಟಾಪ್ ಬಾಕ್ಸ್, ಡಿವಿಡಿ ಪ್ಲೇಯರ್. ಸೋಫಾದಿಂದ ಟಿವಿಗೆ 9 ಅಡಿ. ಇಂಟರ್‌ನೆಟ್ 50 ಎಂಬಿಪಿಎಸ್, ವೈಫೈನಲ್ಲಿ. ನೋಡುವುದರಲ್ಲಿ ಅರ್ಧ ವಾರ್ತೆ ಮತ್ತು ಪಂದ್ಯಗಳು, ಇನ್ನರ್ಧ ಸ್ಟ್ರೀಮಿಂಗ್ ಸಿನಿಮಾ.

55 ಇಂಚಿನ 4ಕೆ ಟಿವಿ ತರುವ ಯೋಚನೆ ಇದೆ. ಚಿತ್ರ ನಿಜಕ್ಕೂ ಅಷ್ಟು ಸುಧಾರಿಸುತ್ತಾ? ಹಳೇ ರಿಸೀವರ್ ನಡೆಯುತ್ತಾ, ಇಲ್ಲಾ ಅದನ್ನೂ ಬದಲಾಯಿಸಬೇಕಾ? ಒಂದಕ್ಕೆ ಕೈ ಹಾಕಿದರೆ ಮಿಕ್ಕಿದ್ದೆಲ್ಲ ಬದಲಾಯಿಸಬೇಕಾಗಿ ಬರುತ್ತದೇನೋ ಅನ್ನುವುದೇ ಚಿಂತೆ.

ಗಜಕಡ್ಡಿ ಉತ್ತರ:

ಟಿವಿ ನೋಡಲು ಅಂಗಡಿಗೆ ಹೋಗುವ ಮೊದಲು ಟೇಪ್ ಹಿಡಿದು ಲೆಕ್ಕ ಹಾಕಿ. ಸಾಮಾನ್ಯ ದೃಷ್ಟಿಯ ಕಣ್ಣು ಒಂದು ಡಿಗ್ರಿಯ 60ನೇ ಒಂದು ಭಾಗದಷ್ಟು ಕೋನದ ವಿವರವನ್ನು ಬಿಡಿಸಿ ನೋಡಬಲ್ಲದು. 9 ಅಡಿ ದೂರದಲ್ಲಿ ಇದು ಪರದೆಯ ಮೇಲೆ ಸುಮಾರು 0.8 ಮಿಲಿಮೀಟರ್. ಅದಕ್ಕಿಂತ ಚಿಕ್ಕದೆಲ್ಲ ಒಂದರೊಳಗೊಂದು ಬೆರೆತು ಕಾಣುತ್ತದೆ.

ನಿಮ್ಮ 40 ಇಂಚಿನ ಪರದೆಯ ಅಗಲ ಸುಮಾರು 886 ಮಿ.ಮೀ. ಫುಲ್ ಎಚ್‌ಡಿಯಲ್ಲಿ ಅಡ್ಡಕ್ಕೆ 1920 ಪಿಕ್ಸೆಲ್ (ಚಿತ್ರದ ಚುಕ್ಕೆ) ಇರುವುದರಿಂದ, ಅದನ್ನು 1920ರಿಂದ ಭಾಗಿಸಿದರೆ ಒಂದು ಪಿಕ್ಸೆಲ್‌ಗೆ 0.46 ಮಿ.ಮೀ. ಬರುತ್ತದೆ. ಅಂದರೆ ಈಗಿರುವ ಫುಲ್ ಎಚ್‌ಡಿಯನ್ನೇ ನೀವು 9 ಅಡಿಯಿಂದ ಪೂರ್ತಿ ನೋಡುತ್ತಿಲ್ಲ. 55 ಇಂಚಿನಲ್ಲಿ ಫುಲ್ ಎಚ್‌ಡಿ ಪಿಕ್ಸೆಲ್ 0.63 ಮಿ.ಮೀ., ಅಡ್ಡಕ್ಕೆ ಅದರ ಎರಡರಷ್ಟು ಪಿಕ್ಸೆಲ್ ಇರುವ 4ಕೆಯದ್ದು 0.32 ಮಿ.ಮೀ. ಎರಡೂ 0.8ಕ್ಕಿಂತ ಕಡಿಮೆಯೇ. ಹಾಗಾಗಿ ಸೋಫಾ ಅಲ್ಲೇ ಇದ್ದರೆ ಬರೀ ಪಿಕ್ಸೆಲ್ ಎಣಿಕೆಯಿಂದ ನಿಮಗೆ ಹೆಚ್ಚೇನೂ ದಕ್ಕುವುದಿಲ್ಲ. 55 ಇಂಚಿನಲ್ಲಿ 4ಕೆಯ ಹೆಚ್ಚುವರಿ ವಿವರ ಕಾಣಿಸಲು ಶುರುವಾಗುವುದು 7 ಅಡಿಯೊಳಗೆ ಬಂದಾಗ. ಕಣ್ಣು ತುಂಬಾ ಚುರುಕಾಗಿರುವವರಿಗೆ ಇನ್ನೊಂದಡಿ ಹಿಂದಿನಿಂದಲೂ ಕಾಣಬಹುದು, ಅಷ್ಟೇ.

ಈಗ ಎಸ್‌ಡಿಯ ಲೆಕ್ಕ ನೋಡಿ. ಚಾನೆಲ್ 720×576ರಲ್ಲಿ ಬರುತ್ತಿದ್ದರೆ ನಿಮ್ಮ ಈಗಿನ ಪರದೆಯಲ್ಲೇ ಒಂದು ಪಿಕ್ಸೆಲ್ 1.2 ಮಿ.ಮೀ. ಅಗಲಕ್ಕೆ ಹಿಗ್ಗುತ್ತದೆ, 55 ಇಂಚಿನಲ್ಲಿ 1.7. ಇದು 9 ಅಡಿಯಿಂದ ಢಾಳಾಗಿ ಕಾಣುತ್ತದೆ. ಎಸ್‌ಡಿ ಬಾಕ್ಸ್ ಇಟ್ಟುಕೊಂಡು ದೊಡ್ಡ 4ಕೆ ಟಿವಿ ತಂದರೆ ವಾರ್ತೆ, ಪಂದ್ಯ ಎರಡೂ ಈಗಿನದಕ್ಕಿಂತ ಕೆಟ್ಟದಾಗಿ ಕಾಣುತ್ತವೆ. ಟಿವಿ ತಂದ ಮರುದಿನವೇ "ಚಿತ್ರ ಮಸುಕು" ಎಂದು ಬರುವ ದೂರುಗಳಲ್ಲಿ ಬಹುಪಾಲಿಗೆ ಕಾರಣ ಇದೇ.

ಆದ್ದರಿಂದ ಮೊದಲು ಬದಲಾಗಬೇಕಾದ್ದು ಸೆಟ್ ಟಾಪ್ ಬಾಕ್ಸ್. ಹಳದಿ-ಕೆಂಪು-ಬಿಳಿ ಪಿನ್ನಿನ ವೈರ್ ತೆಗೆದು ಎಚ್‌ಡಿಎಂಐ ಹಾಕಿ, ಬಾಕ್ಸ್‌ನ ಸೆಟ್ಟಿಂಗ್ಸ್‌ನಲ್ಲಿ ಔಟ್‌ಪುಟ್ 1080ಐ ಅಥವಾ 1080ಪಿಗೆ (ಎರಡೂ ಫುಲ್ ಎಚ್‌ಡಿಯೇ) ಇದೆಯೇ ನೋಡಿ. ಚಾನೆಲ್‌ನ ಎಚ್‌ಡಿ ಆವೃತ್ತಿಗೆ ಬೇರೆ ನಂಬರ್ ಇದ್ದರೆ ಅದನ್ನೇ ಒತ್ತಬೇಕು. ಹೊಸ ಬಾಕ್ಸ್ ತಂದ ಮೇಲೂ ಹಳೇ ನಂಬರಿನಲ್ಲೇ ಎಸ್‌ಡಿ ನೋಡುತ್ತಾ ಕೂರುವವರು ಬಹಳ ಜನ.

ಸರಪಳಿ ಉತ್ತರ:

ರಿಸೀವರ್ ವಿಷಯ ಹೇಳುತ್ತೇನೆ. ಎಚ್‌ಡಿಎಂಐ 1.4ರ ಮಿತಿ 10.2 ಜಿಬಿಪಿಎಸ್, ಅದರಲ್ಲಿ 4ಕೆ ಹೋಗುವುದು ಸೆಕೆಂಡಿಗೆ 30 ಫ್ರೇಮ್‌ವರೆಗೆ. 60 ಫ್ರೇಮ್ ಬೇಕಾದರೆ 2.0 ಇರಬೇಕು, ಅದರದ್ದು 18 ಜಿಬಿಪಿಎಸ್. ಆದರೆ ನಿಜವಾದ ತಡೆ ವೇಗದ್ದಲ್ಲ, ಎಚ್‌ಡಿಸಿಪಿ 2.2 ಎಂಬ ನಕಲು-ತಡೆ ಬೀಗದ್ದು. ಪ್ಲೇಯರ್, ರಿಸೀವರ್, ಟಿವಿ ಮೂರರಲ್ಲಿ ಯಾವುದೇ ಒಂದಕ್ಕೆ ಇದು ಗೊತ್ತಿಲ್ಲದಿದ್ದರೂ ರಕ್ಷಿತ 4ಕೆ ಚಿತ್ರ 1080ಪಿಗೆ ಇಳಿಯುತ್ತದೆ, ಇಲ್ಲಾ ಪರದೆ ಕಪ್ಪಾಗುತ್ತದೆ. 1.4 ಕಾಲದ ರಿಸೀವರ್‌ಗಳಲ್ಲಿ ಸಾಮಾನ್ಯವಾಗಿ ಇದು ಇರುವುದಿಲ್ಲ.

ಹಾಗಂತ ರಿಸೀವರ್ ಎಸೆಯಬೇಕಿಲ್ಲ. ಬಾಕ್ಸ್, ಸ್ಟ್ರೀಮಿಂಗ್ ಸ್ಟಿಕ್ ಎಲ್ಲವನ್ನೂ ನೇರ ಟಿವಿಗೇ ಹಾಕಿ, ಧ್ವನಿಯನ್ನು ಮಾತ್ರ ಟಿವಿಯಿಂದ ರಿಸೀವರ್‌ಗೆ ವಾಪಸ್ ಕಳಿಸಿ. ಟಿವಿಯಲ್ಲಿ ಎಆರ್‌ಸಿ ಎಂದು ಬರೆದ ಎಚ್‌ಡಿಎಂಐ ಪೋರ್ಟ್‌ನಿಂದ ರಿಸೀವರ್‌ನ ಎಚ್‌ಡಿಎಂಐ *ಔಟ್*‌ಗೆ ಕೇಬಲ್ ಹೋಗಬೇಕು. ಇನ್‌ಗೆ ಹಾಕಿದರೆ ಶಬ್ದ ಬರುವುದಿಲ್ಲ. ಎರಡರಲ್ಲೂ ಸಿಇಸಿ (ಎಚ್‌ಡಿಎಂಐ ಸಾಧನಗಳು ಒಂದನ್ನೊಂದು ನಿಯಂತ್ರಿಸುವ ಸೌಲಭ್ಯ) ಆನ್ ಮಾಡಿ, ಹೆಚ್ಚಿನ ಸಾಧನಗಳಲ್ಲಿ ಅದಿಲ್ಲದೆ ಎಆರ್‌ಸಿ ಎಚ್ಚರಗೊಳ್ಳುವುದಿಲ್ಲ. ರಿಸೀವರ್‌ನಲ್ಲಿ ಎಆರ್‌ಸಿ ಇಲ್ಲವಾದರೆ ಆಪ್ಟಿಕಲ್ ಕೇಬಲ್ ಸಾಕು, ಅದರಲ್ಲಿ ಡಾಲ್ಬಿ ಡಿಜಿಟಲ್ 5.1 ಸರಾಗವಾಗಿ ಹೋಗುತ್ತದೆ. ಆದರೆ ಟಿವಿಯ ಆಡಿಯೋ ಔಟ್‌ಪುಟ್ ಪಿಸಿಎಂನಲ್ಲಿ (ಸಂಕುಚಿಸದ ಧ್ವನಿಯಲ್ಲಿ) ಇದ್ದರೆ ಆಪ್ಟಿಕಲ್‌ನಲ್ಲಿ ಎರಡೇ ಚಾನೆಲ್ ಹೋಗುವುದು; ಹಿಂದಿನ ಸ್ಪೀಕರ್‌ಗಳು ಸುಮ್ಮನೆ ಕೂರುತ್ತವೆ. ಅದನ್ನು ಬಿಟ್‌ಸ್ಟ್ರೀಮ್ ಅಥವಾ ಡಾಲ್ಬಿ ಡಿಜಿಟಲ್‌ಗೆ ಬದಲಾಯಿಸಿ.

ಡಾಲ್ಬಿ ಟ್ರೂಎಚ್‌ಡಿಯಂಥ ನಷ್ಟವಿಲ್ಲದ ಧ್ವನಿಯನ್ನು ಟಿವಿಯ ಮೂಲಕ ದಾಟಿಸಲು ಇಎಆರ್‌ಸಿ (ಎಆರ್‌ಸಿಯ ಹೊಸ, ಹೆಚ್ಚು ಸಾಮರ್ಥ್ಯದ ರೂಪ) ಬೇಕು. ಅದು ಬರುವುದು ಡಿಸ್ಕ್‌ಗಳಲ್ಲಿ, ಸ್ಟ್ರೀಮಿಂಗ್‌ನಲ್ಲಿ ಅಲ್ಲ. ನಿಮ್ಮ ಬಳಕೆಗೆ ಸದ್ಯ ಅದರ ಗೊಡವೆ ಬೇಡ.

ಕೇಬಲ್: 2 ಮೀಟರ್ ಒಳಗಿದ್ದರೆ ‘ಪ್ರೀಮಿಯಂ ಹೈ ಸ್ಪೀಡ್’ ಪ್ರಮಾಣಪತ್ರ ಇರುವ ಸಾಧಾರಣ ಕೇಬಲ್ ಸಾಕು, ಚಿನ್ನದ ಲೇಪಕ್ಕೆ ದುಡ್ಡು ಸುರಿಯಬೇಡಿ. ಅದರಿಂದ ಬಣ್ಣವಾಗಲಿ ಚುರುಕಾಗಲಿ ಹೆಚ್ಚುವುದಿಲ್ಲ. ಕೇಬಲ್ ಸೋತರೆ ಚಿತ್ರ ಮಸುಕಾಗುವುದಿಲ್ಲ. ಬಿಳಿ ಚುಕ್ಕೆಗಳು ಮಿನುಗುತ್ತವೆ, ಇಲ್ಲಾ ಆಗಾಗ ಪರದೆ ಒಂದೆರಡು ಸೆಕೆಂಡ್ ಕಪ್ಪಾಗಿ ಮರಳುತ್ತದೆ. 5 ಮೀಟರ್ ದಾಟಿದರೆ ಮಾಮೂಲಿ ತಾಮ್ರದ ಕೇಬಲ್‌ನಲ್ಲಿ 18 ಜಿಬಿಪಿಎಸ್ ನಂಬುವಂತಿಲ್ಲ. ಆ್ಯಕ್ಟಿವ್ ಆಪ್ಟಿಕಲ್ ಎಚ್‌ಡಿಎಂಐ ತಗೊಳ್ಳಿ. ಅದಕ್ಕೆ ದಿಕ್ಕಿದೆ, ‘ಸೋರ್ಸ್’ ತುದಿ ಪ್ಲೇಯರ್‌ಗೆ, ‘ಡಿಸ್‌ಪ್ಲೇ’ ತುದಿ ಟಿವಿಗೆ. ಗೋಡೆಯೊಳಗೆ ಎಳೆಯುವ ಮುಂಚೆ ನೆಲದ ಮೇಲೆ ಹಾಸಿ ಒಮ್ಮೆ ಪರೀಕ್ಷಿಸಿ.

ಕಪ್ಪುಬಿಳುಪು ಉತ್ತರ:

ಗಜಕಡ್ಡಿಯವರ ಲೆಕ್ಕ ಸರಿ, ಆದರೆ ಅಷ್ಟನ್ನೇ ನೋಡಿ "ಟಿವಿ ಬೇಡ" ಎಂದು ತೀರ್ಮಾನಿಸುವುದನ್ನು ನಾನು ಒಪ್ಪುವುದಿಲ್ಲ. ಟಿವಿ ಬದಲಾಯಿಸಿದಾಗ 9 ಅಡಿಯಿಂದಲೂ ಎದ್ದು ಕಾಣುವ ವ್ಯತ್ಯಾಸ ಇರುವುದು ಕಪ್ಪಿನ ಆಳದಲ್ಲಿ ಮತ್ತು ಎಚ್‌ಡಿಆರ್‌ನಲ್ಲಿ (ಕತ್ತಲು-ಬೆಳಕಿನ ಅಂತರವನ್ನು ಹೆಚ್ಚು ತೋರಿಸುವ ಚಿತ್ರ). ಅದಕ್ಕೆ ದೂರದ ಹಂಗಿಲ್ಲ.

ಎಲ್‌ಸಿಡಿಯಲ್ಲಿ (ಎಲ್‌ಇಡಿ ಟಿವಿ ಅನ್ನುವುದೂ ಇದನ್ನೇ) ಎರಡು ಬಗೆಯ ಪ್ಯಾನೆಲ್ ಇವೆ: ಐಪಿಎಸ್ ಪ್ಯಾನೆಲ್‌ನ ಕಾಂಟ್ರಾಸ್ಟ್ (ಬಿಳಿ-ಕಪ್ಪಿನ ಹೊಳಪಿನ ಅನುಪಾತ) ಸುಮಾರು 1000:1, ವಿಎ ಪ್ಯಾನೆಲ್‌ನದ್ದು 3000:1 ಅಥವಾ ಅದಕ್ಕೂ ಮೇಲೆ. ದೀಪ ಆರಿಸಿ ರಾತ್ರಿಯ ದೃಶ್ಯ ಹಾಕಿ ನೋಡಿ: ಐಪಿಎಸ್‌ನಲ್ಲಿ ಸಿನಿಮಾದ ಮೇಲೆ-ಕೆಳಗಿನ ಕಪ್ಪು ಪಟ್ಟಿ ಬೂದಿಯ ಬಣ್ಣಕ್ಕೆ ತಿರುಗಿರುತ್ತದೆ, ವಿಎಯಲ್ಲಿ ಬಹುಮಟ್ಟಿಗೆ ಕಪ್ಪಾಗಿರುತ್ತದೆ, ಪ್ರತಿ ಪಿಕ್ಸೆಲ್ ತಾನೇ ಬೆಳಗುವ ಓಲೆಡ್‌ನಲ್ಲಿ ಪಟ್ಟಿ ಎಲ್ಲಿ ಮುಗಿದು ಗೋಡೆ ಎಲ್ಲಿ ಶುರುವಾಯಿತು ಎಂಬುದೇ ತಿಳಿಯುವುದಿಲ್ಲ. ಆದರೆ ವಿಎ ಪರದೆಯನ್ನು ಪಕ್ಕದಿಂದ ನೋಡಿದರೆ ಬಣ್ಣ ತೊಳೆದಂತಾಗುತ್ತದೆ. ಕೋಣೆಯಲ್ಲಿ ಓರೆಯಾಗಿ ಕೂರುವವರು ಹೆಚ್ಚಿದ್ದರೆ ಐಪಿಎಸ್ ಅಥವಾ ಓಲೆಡ್ ನೋಡಿ. ದಿನವಿಡೀ ಒಂದೇ ವಾರ್ತಾ ಚಾನೆಲ್‌ನ ಪಟ್ಟಿ, ಲೋಗೊ ಓಡುವ ಮನೆಗೆ ಮಾತ್ರ ಓಲೆಡ್ ಬೇಡ ಅನ್ನುತ್ತೇನೆ. ಕದಲದ ಚಿತ್ರ ಕಾಲಕ್ರಮದಲ್ಲಿ ಪ್ಯಾನೆಲ್ ಮೇಲೆ ಗುರುತು ಉಳಿಸುವ ಅಪಾಯವಿದೆ.

ಡಬ್ಬದ ಮೇಲಿನ ‘ಎಚ್‌ಡಿಆರ್’ ಅಚ್ಚನ್ನು ನಂಬಬೇಡಿ. ಎಚ್‌ಡಿಆರ್ ಸಿನಿಮಾಗಳನ್ನು ಸಾಮಾನ್ಯವಾಗಿ 1000 ನಿಟ್ಸ್ ಅಥವಾ ಅದಕ್ಕೂ ಹೆಚ್ಚಿನ ಹೊಳಪಿಗೆ ತಯಾರಿಸುತ್ತಾರೆ. ಕಡಿಮೆ ದರ್ಜೆಯ ಟಿವಿಗಳು 300 ನಿಟ್ಸ್ ಆಸುಪಾಸಿನಲ್ಲೇ ನಿಲ್ಲುತ್ತವೆ, ಲೋಕಲ್ ಡಿಮ್ಮಿಂಗ್ (ಕತ್ತಲಿರುವ ಭಾಗದ ಹಿಂಬದಿ ದೀಪವನ್ನಷ್ಟೇ ತಗ್ಗಿಸುವುದು) ಕೂಡ ಇರುವುದಿಲ್ಲ. ಇವು ಎಚ್‌ಡಿಆರ್ ಸಿಗ್ನಲ್ ಸ್ವೀಕರಿಸುತ್ತವೆ, ತೋರಿಸಲು ತ್ರಾಣವಿರುವುದಿಲ್ಲ. ಪರಿಣಾಮವಾಗಿ ಒಳ್ಳೆಯ ಎಸ್‌ಡಿಆರ್‌ಗಿಂತಲೂ (ಎಚ್‌ಡಿಆರ್ ಅಲ್ಲದ ಮಾಮೂಲಿ ಚಿತ್ರಕ್ಕಿಂತಲೂ) ಮಬ್ಬು ಚಿತ್ರ. ಎಲ್‌ಸಿಡಿಯಾದರೆ ಪೂರ್ತಿ ಹಿಂಬದಿ ದೀಪಗಳ ಲೋಕಲ್ ಡಿಮ್ಮಿಂಗ್ ಮತ್ತು 600 ನಿಟ್ಸ್ ಮೇಲಿನ ಗರಿಷ್ಠ ಹೊಳಪು ಇರುವುದನ್ನೇ ಆರಿಸಿ. ಆ ದರ್ಜೆ ಕೈಗೆಟುಕದಿದ್ದರೆ ಈಗಿನ ಟಿವಿಯನ್ನೇ ಇಟ್ಟುಕೊಂಡು ಕಾಯಿರಿ. ಸಾದಾ 55 ಇಂಚಿನ 4ಕೆಗೆ ಹಾಕುವ ದುಡ್ಡು ಗಾತ್ರವೊಂದನ್ನು ಬಿಟ್ಟು ಬೇರೇನನ್ನೂ ಕೊಡುವುದಿಲ್ಲ.

ಹೊಸಪರದೆ:

ಎಲ್ಲರಿಗೂ ಧನ್ಯವಾದ. ರಿಸೀವರ್ ಉಳಿಯುತ್ತದೆ ಎಂಬುದೇ ದೊಡ್ಡ ನೆಮ್ಮದಿ. ಇನ್ನೆರಡು ಸಂದೇಹ: ಈಗಿನ ಟಿವಿಗೆ ಸ್ಟ್ರೀಮಿಂಗ್ ಸ್ಟಿಕ್ ಹಾಕಿದ್ದೇನೆ, ಕೆಲವು ಆ್ಯಪ್‌ಗಳಲ್ಲಿ ಚಿತ್ರ ಡಿವಿಡಿಯಂತೆ ಮಸುಕಾಗಿರುತ್ತದೆ, ಆಗಾಗ ಸ್ಟಿಕ್ ತಾನೇ ರೀಸ್ಟಾರ್ಟ್ ಆಗುತ್ತದೆ. ಹಾಗೇ ಸಂಭಾಷಣೆ ಸರಿಯಾಗಿ ಕೇಳುವುದಿಲ್ಲ, ಹೊಡೆದಾಟ ಬಂದರೆ ಮನೆ ನಡುಗುತ್ತದೆ. ಇದಕ್ಕೂ ಹೊಸ ಸಾಮಾನೇ ಬೇಕಾ?

ಸರಪಳಿ:

ರೀಸ್ಟಾರ್ಟ್‌ಗೆ ಕಾರಣ ಬಹುತೇಕ ವಿದ್ಯುತ್. ಸ್ಟಿಕ್‌ಗೆ ಟಿವಿಯ ಯುಎಸ್‌ಬಿಯಿಂದ ಪವರ್ ಕೊಟ್ಟಿದ್ದೀರಾ ನೋಡಿ. ಯುಎಸ್‌ಬಿ 2.0 ಪೋರ್ಟ್ ಕೊಡುವ ಲೆಕ್ಕ 0.5 ಆಂಪಿಯರ್, ಸ್ಟಿಕ್‌ಗಳು ಸಾಮಾನ್ಯವಾಗಿ 1 ಆಂಪಿಯರ್ ಕೇಳುತ್ತವೆ. ಅದರ ಜೊತೆ ಬಂದ ಅಡಾಪ್ಟರನ್ನೇ ಗೋಡೆಗೆ ಹಾಕಿ.

ಮಸುಕಿಗೆ ಕಾರಣ ಮೂರಿರಬಹುದು. ಒಂದು, ನಿಮ್ಮ ಚಂದಾ ಯೋಜನೆಯಲ್ಲೇ ಎಚ್‌ಡಿ ಇಲ್ಲದಿರುವುದು. ಎರಡು, ಸ್ಟಿಕ್‌ಗೆ ವೈಡ್‌ವೈನ್ ಎಂಬ ನಕಲು-ತಡೆಯ ಮೇಲಿನ ಹಂತವಾದ ಎಲ್1 ಪ್ರಮಾಣ ಇಲ್ಲದಿರುವುದು. ಕೆಳಗಿನ ಹಂತವಾದ ಎಲ್3 ಮಾತ್ರ ಇದ್ದರೆ ದೊಡ್ಡ ಆ್ಯಪ್‌ಗಳು ಎಸ್‌ಡಿಗಿಂತ ಮೇಲೆ ಬಿಡುವುದಿಲ್ಲ, ನೆಟ್ ಎಷ್ಟೇ ವೇಗವಾಗಿರಲಿ. ಕೆಲವು ಆ್ಯಪ್‌ಗಳಲ್ಲಿ ಮಾತ್ರ ಮಸುಕು ಅಂದಿರಲ್ಲ, ಅದಕ್ಕೇ ಇದರ ಮೇಲೆ ನನ್ನ ಅನುಮಾನ. ಮೂರು, 2.4 ಗಿಗಾಹರ್ಟ್ಸ್ ವೈಫೈ. ಸ್ಟಿಕ್ ಟಿವಿಯ ಬೆನ್ನಿಗೆ ಅಂಟಿಕೊಂಡಿದ್ದರೆ ಸಿಗ್ನಲ್ ಇನ್ನೂ ಸೊರಗುತ್ತದೆ. ಚಿಕ್ಕ ಎಚ್‌ಡಿಎಂಐ ಎಕ್ಸ್‌ಟೆಂಡರ್ ಹಾಕಿ ಪಕ್ಕಕ್ಕೆ ತನ್ನಿ, 5 ಗಿಗಾಹರ್ಟ್ಸ್‌ಗೆ ಸೇರಿಸಿ. 4ಕೆ ಸ್ಟ್ರೀಮಿಂಗ್‌ಗೆ ನೆಟ್‌ಫ್ಲಿಕ್ಸ್ ಕೇಳುವುದು 15 ಎಂಬಿಪಿಎಸ್. ನಿಮ್ಮ 50 ಧಾರಾಳ. ಡೇಟಾ ಮಿತಿ ಇದ್ದರೆ ಮಾತ್ರ ಗಮನವಿರಲಿ, ಆ ವೇಗದಲ್ಲಿ ಗಂಟೆಗೆ 7 ಜಿಬಿ ಹತ್ತಿರ ಹೋಗುತ್ತದೆ.

ಡಿವಿಡಿಗಳನ್ನು ಬಿಸಾಡಬೇಡಿ. ಬ್ಲೂ-ರೇ ಪ್ಲೇಯರ್ ಅವನ್ನೂ ಓಡಿಸುತ್ತದೆ. 1080ಪಿ ಬ್ಲೂ-ರೇ ಡಿಸ್ಕ್‌ನಲ್ಲಿ ವಿಡಿಯೋ 40 ಎಂಬಿಪಿಎಸ್‌ವರೆಗೆ ಹೋಗಬಹುದು. ಹೊಗೆ, ಮಳೆ, ಕತ್ತಲು ಇರುವ ದೃಶ್ಯಗಳಲ್ಲಿ ಒಳ್ಳೆಯ ಬ್ಲೂ-ರೇ ಎಷ್ಟೋ ಸಲ 4ಕೆ ಸ್ಟ್ರೀಮಿಂಗ್‌ಗಿಂತ ಶುದ್ಧವಾಗಿರುತ್ತದೆ.

ನಾದಬಿಂದು ಉತ್ತರ:

ಸಂಭಾಷಣೆಯ ತೊಂದರೆಗೆ ಒಂದು ಪೈಸೆಯೂ ಬೇಡ. 5.1ರಲ್ಲಿ ಮಾತು ಬಹುಪಾಲು ಬರುವುದು ನಡುವಿನ ಸ್ಪೀಕರ್‌ನಿಂದ. ಅದನ್ನು ಕಪಾಟಿನೊಳಗೆ ಹಿಂದಕ್ಕೆ ತಳ್ಳಿದ್ದರೆ ಅಂಚಿನವರೆಗೆ ಎಳೆದು, ಮುಂಭಾಗವನ್ನು ಕಿವಿಯ ಮಟ್ಟಕ್ಕೆ ಮೇಲ್ಮುಖವಾಗಿ ಓರೆ ಮಾಡಿ. ಕೆಳಗೆ ರಬ್ಬರಿನ ತುಂಡಿಟ್ಟರೆ ಆಯಿತು. ಆಮೇಲೆ ರಿಸೀವರ್‌ನಲ್ಲಿ ಸ್ಪೀಕರ್ ಲೆವೆಲ್‌ಗೆ ಹೋಗಿ ಸೆಂಟರ್ 2ರಿಂದ 3 ಡೆಸಿಬೆಲ್ ಏರಿಸಿ. ಚಿಕ್ಕ ಸ್ಪೀಕರ್‌ಗಳಾದರೆ ಎಲ್ಲವನ್ನೂ ‘ಸ್ಮಾಲ್’ಗೆ ಇಟ್ಟು ಕ್ರಾಸ್ಓವರ್ (ಇದಕ್ಕಿಂತ ಕೆಳಗಿನ ದನಿ ಸಬ್‌ವೂಫರ್‌ಗೆ ಹೋಗುವ ಮಿತಿ) 80 ಹರ್ಟ್ಸ್‌ನಿಂದ ಶುರು ಮಾಡಿ, ತೀರಾ ಪುಟ್ಟವಾದರೆ 120. ಹೊಡೆದಾಟದ ಅಬ್ಬರಕ್ಕೆ ‘ನೈಟ್ ಮೋಡ್’ ಅಥವಾ ‘ಡೈನಾಮಿಕ್ ರೇಂಜ್’ ಆನ್ ಮಾಡಿ. ಅದು ಮೆಲುದನಿಯನ್ನು ಎತ್ತಿ ಜೋರಿನದನ್ನು ತಗ್ಗಿಸುತ್ತದೆ.

ಹಿಂದಿನ ಎರಡು ಸ್ಪೀಕರ್ ಸೋಫಾದ ಬೆನ್ನ ಹಿಂದೆ ಅಲ್ಲ, ಪಕ್ಕಕ್ಕೆ ಸ್ವಲ್ಪ ಹಿಂದೆ ಇರಬೇಕು. ಟಿವಿಯ ನೇರದಿಂದ ಸುಮಾರು 110 ಡಿಗ್ರಿ. ಮುಂದಿನವು ಎಡಬಲಕ್ಕೆ 30 ಡಿಗ್ರಿ.

ಒಂದು ಅಭಿಪ್ರಾಯವನ್ನೂ ಗಟ್ಟಿಯಾಗಿ ಹೇಳುತ್ತೇನೆ: ತೆಳ್ಳಗಿನ ಟಿವಿಯೊಳಗಿನ ಪುಟ್ಟ ಸ್ಪೀಕರ್‌ಗಳಲ್ಲಿ ಗಾಳಿ ತಳ್ಳುವಷ್ಟು ಜಾಗವೇ ಇರುವುದಿಲ್ಲ. ನಿಮ್ಮ ಹಳೇ 5.1 ಯಾವ ಹೊಸ ಟಿವಿಯ ಸ್ವಂತ ಧ್ವನಿಗಿಂತಲೂ ಎಷ್ಟೋ ಮೇಲು. ಟಿವಿ ಜೊತೆ ಪುಕ್ಕಟೆ ಸೌಂಡ್‌ಬಾರ್ ಕೊಡುತ್ತೇವೆ ಎಂದರೂ 5.1 ತೆಗೆದು ಅದನ್ನು ಹಾಕಬೇಡಿ.

ಗಜಕಡ್ಡಿ:

ಹಾಗಾದರೆ ಎಚ್‌ಡಿ ಬಾಕ್ಸ್ ಮತ್ತು ಎಲ್1 ಇರುವ ಸ್ಟಿಕ್ ಈಗ, ಟಿವಿ ಆಮೇಲೆ. ಸೋಫಾ 7 ಅಡಿಗೆ ಬರುವುದಾದರೆ 55 ಇಂಚು ಸರಿ. 9 ಅಡಿಯಲ್ಲೇ ಉಳಿಯುವುದಾದರೆ 65 ನೋಡಿ, ಕಪ್ಪುಬಿಳುಪು ಅವರು ಹೇಳಿದ ದರ್ಜೆಯಲ್ಲೇ. ಎರಡರಲ್ಲಿ ಒಂದನ್ನು ಬಿಡಬೇಕಾಗಿ ಬಂದರೆ ಗಾತ್ರ ಬಿಡಿ, ದರ್ಜೆ ಬಿಡಬೇಡಿ.

ಟಿವಿ ಬಂದ ದಿನ ಮಾಡಬೇಕಾದ್ದು: ಪಿಕ್ಚರ್ ಮೋಡ್ ‘ವಿವಿಡ್’ನಿಂದ ‘ಸಿನಿಮಾ’ ಅಥವಾ ‘ಫಿಲ್ಮ್‌ಮೇಕರ್’ಗೆ. ಮೊದಲ ದಿನ ಹಳದಿ ಅನ್ನಿಸುತ್ತದೆ, ಕಣ್ಣು ಒಗ್ಗಿಕೊಳ್ಳಲು ಬಿಡಿ. ಪವರ್ ಸೇವಿಂಗ್ ಆಫ್, ಅದು ಎಚ್‌ಡಿಆರ್‌ನ ಹೊಳಪನ್ನೇ ನುಂಗುತ್ತದೆ. ಸಿನಿಮಾಗೆ ಮೋಷನ್ ಸ್ಮೂದಿಂಗ್ (ಟಿವಿ ತಾನೇ ನಡುವೆ ಫ್ರೇಮ್ ಸೇರಿಸಿ ಚಲನೆ ನಯಗೊಳಿಸುವುದು) ಆಫ್, ಪಂದ್ಯಗಳಿಗೆ ಬೇಕಿದ್ದರೆ ಸ್ವಲ್ಪ ಇರಲಿ. ಚಿತ್ರದ ಗಾತ್ರವನ್ನು ‘ಜಸ್ಟ್ ಸ್ಕ್ಯಾನ್’ ಅಥವಾ ‘ಫಿಟ್ ಟು ಸ್ಕ್ರೀನ್’ಗೆ ಇಡಿ, ಇಲ್ಲದಿದ್ದರೆ ಅಂಚು ಕತ್ತರಿಸಿ ಚಿತ್ರವನ್ನು ಹಿಗ್ಗಿಸಿ ತೋರಿಸುತ್ತದೆ. ಹಲವು ಟಿವಿಗಳಲ್ಲಿ ಎಚ್‌ಡಿಎಂಐ ಪೋರ್ಟ್ ಕಾರ್ಖಾನೆಯಿಂದ ಬರುವಾಗ ಹಳೇ ವೇಗದಲ್ಲೇ ಇರುತ್ತದೆ. ಆ ಪೋರ್ಟ್‌ನ ಸೆಟ್ಟಿಂಗ್‌ನಲ್ಲಿ ‘ಎನ್‌ಹ್ಯಾನ್ಸ್ಡ್’ ಅಥವಾ ‘ಯುಎಚ್‌ಡಿ ಕಲರ್’ ಆನ್ ಮಾಡದಿದ್ದರೆ ಸ್ಟಿಕ್‌ನಿಂದ 4ಕೆ 60 ಎಚ್‌ಡಿಆರ್ ಸರಿಯಾಗಿ ಬರುವುದಿಲ್ಲ. ಈ ಪಿಕ್ಚರ್ ಸೆಟ್ಟಿಂಗ್‌ಗಳು ಎಸ್‌ಡಿಆರ್, ಎಚ್‌ಡಿಆರ್, ಡಾಲ್ಬಿ ವಿಷನ್‌ಗೆ (ಎಚ್‌ಡಿಆರ್‌ನ ಇನ್ನೊಂದು ಬಗೆ) ಸಾಮಾನ್ಯವಾಗಿ ಬೇರೆ ಬೇರೆಯಾಗಿ ಉಳಿಯುತ್ತವೆ. ಆದ್ದರಿಂದ ಎಚ್‌ಡಿಆರ್ ಸಿನಿಮಾ ಓಡುತ್ತಿರುವಾಗಲೇ ಮೆನು ತೆರೆದು ಇನ್ನೊಮ್ಮೆ ಎಲ್ಲವನ್ನೂ ಹೊಂದಿಸಿ.