ಸೇನಾಧಿಕಾರಿಯಾಗಲು ಪಿಯುಸಿ ನಂತರ ಯಾವ ದಾರಿ?

ಪ್ರಶ್ನೆ (ಕುಂದಾಪುರದಿಂದ ಒಬ್ಬ ತಾಯಿ): ನಮಸ್ಕಾರ ಸರ್. ದ್ವಿತೀಯ ಪಿಯುಸಿ ವಿಜ್ಞಾನದಲ್ಲಿರುವ ನನ್ನ ಮಗಳಿಗೆ ಬರುವ ತಿಂಗಳು ಹದಿನೆಂಟು ತುಂಬುತ್ತದೆ. ಸೇನೆಯಲ್ಲಿ ಅಧಿಕಾರಿಯೇ ಆಗಬೇಕೆಂದು ಹಟ ಹಿಡಿದಿದ್ದಾಳೆ. ಮೊದಲು ಅಗ್ನಿವೀರ್ ಆಗಲಿ, ಮತ್ತೆ ನೋಡುವ ಎನ್ನುತ್ತಾರೆ ನೆಂಟರು. ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು.

ಉತ್ತರ (ನಿವೃತ್ತ ಸೇನಾಧಿಕಾರಿ, ಮಂಗಳೂರು): ನಮಸ್ಕಾರ ಅಮ್ಮ. ಅಗ್ನಿವೀರ್ ನೇಮಕಾತಿ ನಾಲ್ಕು ವರ್ಷಗಳ ಸೈನಿಕ ಸೇವೆಗೆ. ಸೈನಿಕರಾಗಿ ಸೇರಿ ಅಧಿಕಾರಿಗಳಾದವರು ಇದ್ದಾರೆ, ಆದರೆ ಗುರಿಯೇ ಅದಾಗಿದ್ದರೆ ಸುತ್ತುದಾರಿ ಏಕೆ? ಸುಪ್ರೀಂ ಕೋರ್ಟಿನ 2021ರ ಆದೇಶದ ನಂತರ ಪುಣೆ ಬಳಿಯ ಖಡಕ್‌ವಾಸ್ಲಾದ ಎನ್‌ಡಿಎ (ಪಿಯುಸಿ ನಂತರ ಮೂರೂ ಸೇನೆಗಳ ಭಾವಿ ಅಧಿಕಾರಿಗಳಿಗೆ ತರಬೇತಿ ಕೊಡುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿ) ಹೆಣ್ಣುಮಕ್ಕಳಿಗೂ ತೆರೆದಿದೆ. ಯುಪಿಎಸ್‌ಸಿ ವರ್ಷಕ್ಕೆರಡು ಬಾರಿ ಪರೀಕ್ಷೆ ನಡೆಸುತ್ತದೆ. ನೀವು ಮೊದಲು ನೋಡಬೇಕಾದದ್ದು ಅಂಕವಲ್ಲ, ಜನ್ಮದಿನಾಂಕ. ಹದಿನಾರೂವರೆಯಿಂದ ಹತ್ತೊಂಬತ್ತೂವರೆ ವರ್ಷದ ಮಿತಿಯನ್ನು ಲೆಕ್ಕ ಹಾಕುವುದು ತರಬೇತಿ ಆರಂಭವಾಗುವ ಸಮಯಕ್ಕೆ. ಪರೀಕ್ಷೆ ಬರೆದು ಅಲ್ಲಿಗೆ ಸೇರುವಷ್ಟರಲ್ಲಿ ಒಂಬತ್ತು ಹತ್ತು ತಿಂಗಳು ಕಳೆಯುವುದರಿಂದ, ನಿಮ್ಮ ಮಗಳಿಗೆ ಉಳಿದಿರುವುದು ಒಂದೋ ಎರಡೋ ಅವಕಾಶ ಮಾತ್ರ.

ಎನ್‌ಡಿಎ ಪರೀಕ್ಷೆಯಲ್ಲಿ ಗಣಿತಕ್ಕೆ 300 ಅಂಕ, ಇಂಗ್ಲಿಷ್, ವಿಜ್ಞಾನ, ಇತಿಹಾಸ ಮುಂತಾದವು ಸೇರಿದ ಸಾಮಾನ್ಯ ಸಾಮರ್ಥ್ಯ ಪತ್ರಿಕೆಗೆ 600. ಪ್ರಶ್ನೆಗಳು ಇಂಗ್ಲಿಷ್ ಮತ್ತು ಹಿಂದಿಯಲ್ಲಿರುತ್ತವೆ, ತಪ್ಪು ಉತ್ತರಕ್ಕೆ ಅಂಕ ಕಳೆಯುತ್ತಾರೆ. ಭೂಸೇನೆಗೆ ಯಾವ ವಿಭಾಗದ ಪಿಯುಸಿಯಾದರೂ ಸಾಕು. ನೌಕಾಸೇನೆ, ವಾಯುಸೇನೆಗಳಿಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಬೇಕೇ ಬೇಕು. ಜೆಇಇ ಮೇನ್ ಬರೆಯುತ್ತಿದ್ದರೆ ನೌಕಾಸೇನೆಯ ಬಿ.ಟೆಕ್ ಪ್ರವೇಶವನ್ನೂ ಗಮನಿಸಿ. ಅದರ ಅಕಾಡೆಮಿ ಇರುವ ಕೇರಳದ ಏಳಿಮಲ ನಮಗೆ ದೂರವೇನಲ್ಲ, ಮಂಗಳೂರಿನಿಂದ ರೈಲು ಹತ್ತಿ ಪಯ್ಯನ್ನೂರಿನಲ್ಲಿ ಇಳಿದರಾಯಿತು.

ಪ್ರಶ್ನೆ (ಉಡುಪಿಯ ಪದವಿ ವಿದ್ಯಾರ್ಥಿ): ಸರ್, ನಾನು ಅಂತಿಮ ಬಿ.ಕಾಂ., ಎನ್‌ಸಿಸಿ 'ಸಿ' ಸರ್ಟಿಫಿಕೇಟ್‌ನಲ್ಲಿ 'ಬಿ' ಗ್ರೇಡ್ ಬಂದಿದೆ. ಸೇನಾಧಿಕಾರಿಗಳನ್ನು ಆರಿಸುವ ಎಸ್‌ಎಸ್‌ಬಿ ಸಂದರ್ಶನಕ್ಕೆ ಕೋಚಿಂಗ್ ಬೇಕೇ?

ಉತ್ತರ: ಪದವಿಯಲ್ಲಿ ಶೇ. 50 ಅಂಕವಿದ್ದು ವಯಸ್ಸು 25 ಮೀರದಿದ್ದರೆ, ನಿಮಗೆ ಎನ್‌ಸಿಸಿ ವಿಶೇಷ ಪ್ರವೇಶದಲ್ಲಿ ಲಿಖಿತ ಪರೀಕ್ಷೆಯೇ ಇಲ್ಲ. ಅರ್ಜಿ ಆಯ್ಕೆಯಾದರೆ ನೇರ ಎಸ್‌ಎಸ್‌ಬಿ. ಸಿಗುವುದು ಹತ್ತು ವರ್ಷಗಳ ಶಾರ್ಟ್ ಸರ್ವಿಸ್, ಮತ್ತೆ ನಾಲ್ಕು ವರ್ಷ ವಿಸ್ತರಿಸಬಹುದು. ಜೊತೆಗೆ ಪದವೀಧರರಿಗೆ ಯುಪಿಎಸ್‌ಸಿ ನಡೆಸುವ ಸಿಡಿಎಸ್ ಪರೀಕ್ಷೆಯನ್ನೂ ಬರೆಯಿರಿ.

ಕೋಚಿಂಗ್ ವಿಷಯದಲ್ಲಿ ನನ್ನದು ಸ್ವಲ್ಪ ಖಾರದ ಅಭಿಪ್ರಾಯ. ಐದು ದಿನಗಳ ಎಸ್‌ಎಸ್‌ಬಿಯಲ್ಲಿ ಮೊದಲ ದಿನವೇ ಒಂದು ಮಸುಕಾದ ಚಿತ್ರವನ್ನು ಮೂವತ್ತು ಸೆಕೆಂಡು ತೋರಿಸುತ್ತಾರೆ, ನಾಲ್ಕು ನಿಮಿಷದಲ್ಲಿ ಕಥೆ ಬರೆಯಬೇಕು, ನಂತರ ಗುಂಪಿನಲ್ಲಿ ಅದನ್ನು ಹೇಳಿ ಚರ್ಚಿಸಬೇಕು. ಕಲಿಸಿಕೊಟ್ಟ ಕಥೆಯೊಂದಿಗೆ ಹೋದವರ ನಾಯಕ, ಚಿತ್ರದಲ್ಲಿ ಮುದುಕಿಯಿರಲಿ ದೋಣಿಯಿರಲಿ, ರಕ್ತದಾನ ಶಿಬಿರವನ್ನೇ ಏರ್ಪಡಿಸುತ್ತಾನೆ! ನಮ್ಮ ಮಕ್ಕಳ ತೊಂದರೆ ಬೇರೆಯದು: ಇಂಗ್ಲಿಷ್ ತಪ್ಪಾದೀತೆಂದು ಬಾಯಿ ಬಿಡುವುದಿಲ್ಲ. ವ್ಯಾಕರಣ ತಪ್ಪಿದರೂ ವಿಚಾರ ಸ್ಪಷ್ಟವಾಗಿದ್ದರೆ ಕೇಳಿಸಿಕೊಳ್ಳುತ್ತಾರೆ, ಮೌನಕ್ಕೆ ಮಾತ್ರ ಅಂಕ ಕೊಡಲು ಯಾರಿಂದಲೂ ಆಗದು. ನಾಲ್ಕೈದು ಗೆಳೆಯರು ಸೇರಿ ದಿನವೂ ಅರ್ಧ ಗಂಟೆ ಪತ್ರಿಕೆಯ ಒಂದು ಸುದ್ದಿಯ ಮೇಲೆ ಇಂಗ್ಲಿಷಿನಲ್ಲಿ ವಾದಿಸಿದರೆ, ದುಡ್ಡು ಕೊಟ್ಟು ಕಲಿಯುವುದಕ್ಕಿಂತ ಹೆಚ್ಚು ಪ್ರಯೋಜನವಾಗುತ್ತದೆ.

ಪ್ರಶ್ನೆ (ಮೊದಲಿನ ತಾಯಿ): ಅವಳಿಗೆ ಕನ್ನಡಕವಿದೆ ಸರ್. ಲೇಸರ್ ಚಿಕಿತ್ಸೆ ಮಾಡಿಸೋಣವೇ?

ಉತ್ತರ: ಖಂಡಿತ ಬೇಡ. ಲೇಸರ್ ಮಾಡಿಸಿಕೊಂಡವರನ್ನು ಎನ್‌ಡಿಎ ವೈದ್ಯಕೀಯ ಪರೀಕ್ಷೆಯಲ್ಲಿ ತಿರಸ್ಕರಿಸುತ್ತಾರೆ. ಕನ್ನಡಕವಿದ್ದ ಮಾತ್ರಕ್ಕೆ ಎಲ್ಲ ಬಾಗಿಲು ಮುಚ್ಚುವುದಿಲ್ಲ. ಎಷ್ಟು ಪವರ್‌ವರೆಗೆ ಅವಕಾಶವಿದೆ ಎಂಬುದು ಅಧಿಸೂಚನೆಯಲ್ಲಿ ಸೇನೆವಾರು ಮುದ್ರಿತವಾಗಿರುತ್ತದೆ. ಅದನ್ನು ಹಿಡಿದುಕೊಂಡೇ ನೇತ್ರತಜ್ಞರ ಬಳಿ ಹೋಗಿ, ಬಣ್ಣ ಗುರುತಿಸುವ ಪರೀಕ್ಷೆಯನ್ನೂ ಮಾಡಿಸಿ. ಅರ್ಜಿ ತುಂಬುವಾಗ ಸೇನೆಗಳ ಆದ್ಯತಾ ಕ್ರಮವನ್ನು ಆ ವರದಿ ನೋಡಿ ಬರೆಯಲಿ.